ಕಲ್ಲಿಗೆ ಕಟ್ಟಿದ ಗಿಡ

ಮದ್ದೂರಿನ ನಮ್ಮ ಬೀದಿಯ ದರ್ಜಿ ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಮೀನಿನ ತೊಟ್ಟಿ ಇಟ್ಟಿದ್ದರು. ನೀರೊಳಗೆ, ದಾರದಿಂದ ಕಲ್ಲಿಗೆ ಕಟ್ಟಿದ ಗಿಡಗಳು. ತಿಂಗಳಿಗೊಂದು ಎಲೆ ಬಿಟ್ಟರೆ ಹೆಚ್ಚು. ನನಗೂ ಒಂದು ಕೊಟ್ಟರು. ಕಬ್ಬು ನೆಡುವ ಮನೆಯವಳು ನಾನು. ದಾರ ಬಿಚ್ಚಿ, ಗಡ್ಡೆಯನ್ನು ನಮ್ಮ ಮನೆಯ ತೊಟ್ಟಿಯ ಮರಳಿನಲ್ಲಿ ಹೂತುಬಿಟ್ಟೆ. ಕೊಳೆಯಿತು.

ಅವರು ಬೈಯಲಿಲ್ಲ. ಕೊಳೆತದ್ದನ್ನು ಕತ್ತರಿಸಿ, ಉಳಿದ ತುಂಡನ್ನು ಮತ್ತೆ ಕಲ್ಲಿಗೆ ಕಟ್ಟಿ, ದಾರವನ್ನು ಹಲ್ಲಿನಿಂದ ಕಡಿದರು.

"ಇದುಕ್ಕೆ ಮಣ್ಣು ಬ್ಯಾಡ. ಅದೇ ಬೇರು ಬುಟ್ಟು ಕಲ್ಲ ಇಡ್ಕೊಳೋ ಗಂಟ ದಾರ ಇರ್ಲಿ. ಅವಸರ ಮಾಡ್ಬ್ಯಾಡ ಕಣಮ್ಮ."

ಇನ್ನೂ ಎಲೆ ಬಂದಿಲ್ಲವೆಂದು ನಾನು ದೂರಿದಾಗಲೆಲ್ಲ ಆ ಕೊನೆಯ ಮಾತೇ ಉತ್ತರ.

ಅವರು ತೀರಿಕೊಂಡ ವಾರ ನೋಡಿದರೆ, ನನ್ನ ತೊಟ್ಟಿಯಲ್ಲಿ ಆ ದಾರ ಹರಿದು ತೇಲುತ್ತಿತ್ತು. ಗಾಬರಿಯಾಗಿ, ಮತ್ತೆ ಕಟ್ಟಲೆಂದು ಗಿಡವನ್ನು ಎತ್ತಿದೆ.

ಕಲ್ಲೂ ಜೊತೆಗೇ ಬಂತು.