ಒಣಗಂಟು

ಮೂರನೆಯ ಮೀನೂ ಗಾಳವನ್ನು ಬಾಯಲ್ಲಿಟ್ಟುಕೊಂಡೇ ಹೋಯಿತು. ಬಾಗಲಕೋಟೆಯ ಹಿನ್ನೀರಿನ ದಂಡೆಯಲ್ಲಿ ನಾನು ದಣಿದು ಕುಸಿದು ಕುಳಿತೆ. ಮುಂಬೈಯಿಂದ ತರಿಸಿದ್ದ ಹೆಣೆದ ದಾರ ಗಟ್ಟಿಯಾಗಿಯೇ ಇತ್ತು. ಅದರ ತುದಿಗೆ ನೈಲಾನ್ ಎಳೆ ಜೋಡಿಸಿದ ಗಂಟಿನಲ್ಲೇ ಪ್ರತಿ ಸಲ ಹರಿಯುತ್ತಿತ್ತು. ಮೀನು ತಪ್ಪಿದ್ದಕ್ಕಿಂತ, ಗಾಳ ಚುಚ್ಚಿಕೊಂಡ ಬಾಯಲ್ಲಿ ಅದು ಇನ್ನೇನು ತಿಂದೀತು ಎಂಬುದೇ ನನ್ನ ಚಿಂತೆ. ಚಿಂತಿಸಲು ನನಗೆ ಕಾರಣಗಳ ಕೊರತೆ ಎಂದೂ ಆಗಿಲ್ಲ.

ದೋಣಿಗೆ ಕಾಯುತ್ತಿದ್ದ, ಇಳಕಲ್ಲಿನ ನೇಕಾರ ಮನೆತನದ ಅಜ್ಜಿಯೊಬ್ಬರು ಇದನ್ನೆಲ್ಲ ನೋಡುತ್ತಿದ್ದರು. "ಏನೋ ತಮ್ಮಾ, ಹೊಳ್ಯಾಗಿನ ಮೀನಿಗೆಲ್ಲಾ ನತ್ತು ಇಡಾಕ ಬಂದೀಯೇನು?"

ಪೆಚ್ಚಾಗಿ ಮತ್ತೊಂದು ಗಂಟು ಹಾಕಿ ಜಗ್ಗುವಷ್ಟರಲ್ಲಿ ಅವರು ನನ್ನ ಕೈ ಹಿಡಿದರು. "ಒಣಾ ಗಂಟು ಹಂಗ ಜಗ್ಗಬ್ಯಾಡೋ, ಎಳಿ ತಿಕ್ಕಿ ಬಿಸಿಯಾಗಿ ಸಾಯ್ತೈತಿ. ಸೀರಿಗೆ ಸೆರಗಿನ ಎಳಿ ಕೂಡಸೂಮುಂದ ನಾವು ಹಿಂಗ ಅವಸರ ಮಾಡಿದ್ರ, ಮಗ್ಗದಿಂದ ಒಂದ ಸೀರಿನೂ ಇಳೀತಿದ್ದಿಲ್ಲ."

ಅವರೇ ಗಂಟು ಬಿಚ್ಚಿ, ಇನ್ನೂ ನಾಲ್ಕು ಸುತ್ತು ಸುತ್ತಿ, ಬಾಯಲ್ಲಿಟ್ಟು ಎಂಜಲಿನಿಂದ ನೆನೆಸಿ, ನಿಧಾನವಾಗಿ ಬಿಗಿದರು. ಅಷ್ಟು ಹೊತ್ತಿನಲ್ಲಿ ನಾನಾಗಿದ್ದರೆ ಮೂರು ಗಂಟು ಹಾಕಿ ಮೂರನ್ನೂ ಹರಿದುಕೊಂಡಿರುತ್ತಿದ್ದೆ.

ನಾಲ್ಕನೆಯ ಮೀನು ಭಾರಿ ಎಳೆದಾಡಿತು, ಗಂಟು ಬಿಡಲಿಲ್ಲ. ದಂಡೆಗೆ ತಂದು ಅದರ ಬಾಯಿಂದ ಗಾಳ ಬಿಡಿಸಿ ತಿರುಗಿದರೆ ಅಜ್ಜಿ ದೋಣಿ ಹತ್ತಿಯಾಗಿತ್ತು.

ಅಲ್ಲಿಯವರೆಗೆ ದಾರವನ್ನೂ, ಅದನ್ನು ಮಾರಿದ ಅಂಗಡಿಯವನನ್ನೂ, ನನ್ನ ಹಣೆಬರಹವನ್ನೂ ಬೈದುಕೊಂಡಿದ್ದೆ. ನನ್ನ ಕೈಯನ್ನು ಮಾತ್ರ ಬೈದಿರಲಿಲ್ಲ. ಈಗ ಗಂಟನ್ನು ನೆನೆಸದೆ ಬಿಗಿಯುವುದಿಲ್ಲ. ಆ ಮೂರು ಮೀನುಗಳ ಪಾಲಿಗೆ ಈ ಬುದ್ಧಿ ತಡವಾಗಿ ಬಂತು.