ತಿಳಿನೀರು ಕಂಡರೆ ಹುಲಿಗೆವ್ವನಿಗೆ ದಿಗಿಲು

ಬೆಳಗಿನ ಆರೂವರೆ. ತವರೂರು ಹೊನವಾಡದ ಊರಾಚೆಯ ಕೆರೆಯಲ್ಲಿ ಮೊಣಕಾಲುಮಟ್ಟ ನೀರಿಗಿಳಿದು ಹುಲಿಗೆವ್ವ ಬಲೆ ಎಳೆಯುತ್ತಿದ್ದಾರೆ. ಹಿಟ್ಟಿನ ಜರಡಿಗಿಂತ ಸಣ್ಣ ಕಣ್ಣಿನ ಬಟ್ಟೆಯ ಬಲೆ, ತುದಿಗೊಂದು ಪುಟ್ಟ ಶೀಶೆ. ಅದನ್ನು ಬಿಚ್ಚಿ, ಬೆಳಕಿಗೆ ಹಿಡಿದು, ಕೊರಳಿಗೆ ಕಟ್ಟಿಕೊಂಡ ಭೂತಗನ್ನಡಿಯಲ್ಲಿ ಒಳಗಿನ ಸಣ್ಣ ಜೀವಿಗಳನ್ನು ಎಣಿಸತೊಡಗುತ್ತಾರೆ. ದಂಡೆಯಲ್ಲಿ ಅವರ ತಮ್ಮ ಶಂಕರೆಪ್ಪ ಅಕ್ಕನ ಚಪ್ಪಲಿ ಕಾಯುತ್ತ ನಿಂತಿದ್ದಾರೆ.

ಐವತ್ತಾರರ ಹುಲಿಗೆವ್ವ ಇರುವುದು ವಿಜಯಪುರದ ಜೋರಾಪುರ ಪೇಟೆಯಲ್ಲಿ. ಕಾಲೇಜೊಂದರ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಸಹಾಯಕಿ. ವಾರಕ್ಕೆ ಮೂರು ಕೆರೆ, ಮೊದಲ ಬಸ್ಸಿನ ಪ್ರಯಾಣ. ಈ ಕೆಲಸಕ್ಕೆ ಹಚ್ಚಿದವರು ಕಾರವಾರದ ಕಡಲಿನ ಸೂಕ್ಷ್ಮಜೀವಿಗಳನ್ನು ಅಭ್ಯಾಸ ಮಾಡಿ ಬಂದ ಪ್ರಾಧ್ಯಾಪಕ ಸುಶೀಲೇಂದ್ರ. ಕಡಲಿರಲಿ, ಕೆರೆಯಿರಲಿ, ವಿಷ ಸೇರಿದರೆ ಮೊದಲು ಸಾಯುವುದು ಈ ಸಣ್ಣವೇ, ಅವನ್ನು ತಿಂದು ಬದುಕುವ ಮೀನಿನ ಸರದಿ ಆಮೇಲೆ ಎಂದು ಅವರು ಹೇಳಿಕೊಟ್ಟರಂತೆ.

ಮೊದಲ ದಿನದ ಎಡವಟ್ಟನ್ನು ಹುಲಿಗೆವ್ವ ನಗುತ್ತಲೇ ಹೇಳುತ್ತಾರೆ. ಅವರ ಮನೆಯಲ್ಲಿ ಸೋಸದೆ ಕೊಡ ತುಂಬುವ ರೂಢಿಯೇ ಇರಲಿಲ್ಲ. ಅಂದೂ ಸೆರಗು ಮಡಚಿ ಸೋಸಿಯೇ ಶೀಶೆ ತುಂಬಿದರು. “ಸರ್ ಮೈಕ್ರೋಸ್ಕೋಪಿನ್ಯಾಗ ನೋಡೇ ನೋಡ್ತಾರ, ಏನೂ ಇಲ್ಲ. ಜೀವ ಇದ್ದದ್ದೆಲ್ಲಾ ನನ್ನ ಸೆರಗಿನ್ಯಾಗ ಉಳದಿತ್ರಿ.”

ಒಂದೂವರೆ ವರ್ಷದ ಹಿಂದೆ, ದ್ರಾಕ್ಷಿಗೆ ಔಷಧ ಹೊಡೆಯುವ ಕಾಲದಲ್ಲಿ, ಈ ಕೆರೆ ಇದ್ದಕ್ಕಿದ್ದಂತೆ ಕನ್ನಡಿಯಂತಾಯಿತು. ತಳದ ಕಲ್ಲು ಕಂಡು ಊರಿಗೆಲ್ಲ ಸಂತೋಷ. ಹುಲಿಗೆವ್ವ ಮಾತ್ರ ದಿಗಿಲಾಗಿ ಕೂಡಲೇ ಬಲೆ ಎಳೆದರು. ನೀರಿಗೆ ಹಸಿರು ಕೊಡುವ ಪಾಚಿಯ ಕಣಗಳು ಸತ್ತಿದ್ದವು. ಅವನ್ನು ಮೇಯುವ, ಎಳ್ಳಿಗಿಂತ ಸಣ್ಣ ನೀರುಚಿಗಟಗಳು ಶೀಶೆಗೆ ಅರವತ್ತು ಸಿಗುತ್ತಿದ್ದವು, ಅಂದು ಒಂದೂ ಇಲ್ಲ. ದಂಡೆಯ ಮೇಲೆ ದ್ರಾಕ್ಷಿಗೆ ಹೊಡೆಯುವ ಮೈಲುತುತ್ತದ ನೀಲಿ ಕಲೆ. ಔಷಧದ ಡ್ರಮ್ಮು ಅಲ್ಲಿ ತೊಳೆಯುತ್ತಿದ್ದವರಲ್ಲಿ ಮೊದಲಿಗರು ಶಂಕರೆಪ್ಪನೇ.

ಇನ್ನು ಇಲ್ಲಿ ತೊಳೆಯಬೇಡ ಎಂದರೆ ತಮ್ಮ ಒಪ್ಪಲಿಲ್ಲ. ಇಷ್ಟು ಚಂದದ ನೀರಿನಲ್ಲೂ ಕೊಂಕು ತೆಗೆಯುತ್ತಾಳೆಂದು ಮಾತು ಬಿಟ್ಟರು. ಮುಂದಿನ ನಾಗರಪಂಚಮಿಗೆ ಅಕ್ಕನನ್ನು ಕರೆಯಲೂ ಬರಲಿಲ್ಲ. ಕರೆಯದೆ ತವರಿಗೆ ಹೋಗುವುದು ಹೆಣ್ಣುಮಗಳಿಗೆ ಅವಮಾನ. ಆದರೂ ಹುಲಿಗೆವ್ವ ಹೋದರು, ಉಂಡಿಯ ಡಬ್ಬಿಯ ಜೊತೆ ಎರಡು ಶೀಶೆ ಹಿಡಿದುಕೊಂಡು. ಒಂದರಲ್ಲಿ ಔಷಧ ಸೇರದ ಜೈನಾಪುರದ ಕೆರೆಯ ನೀರು, ಇನ್ನೊಂದರಲ್ಲಿ ಹೊನವಾಡದ್ದು. ಭೂತಗನ್ನಡಿ ಕೊಟ್ಟು ನೋಡು ಎಂದರು. ಬಹಳ ಹೊತ್ತು ನೋಡಿದ ಶಂಕರೆಪ್ಪ ಅಂದದ್ದು ಇಷ್ಟೇ: “ಅದರಾಗ ಸಂತಿ ನಡದೈತಿ. ನಮ್ಮದರಾಗ ಯಾರೂ ಇಲ್ಲಲ್ಲಬೇ ಅಕ್ಕಾ.”

ಈಗ ಊರಿನ ಡ್ರಮ್ಮುಗಳನ್ನು ಕೆರೆಯಿಂದ ದೂರ, ಹೊಲದ ತಗ್ಗಿನಲ್ಲಿ ತೊಳೆಯುತ್ತಾರೆ. ಎಲ್ಲರೂ ಅಲ್ಲ, ಹೆಚ್ಚಿನವರು.

ಎಷ್ಟಾದವು ಎಂದು ದಂಡೆಯಿಂದ ಶಂಕರೆಪ್ಪ ಕೇಳುತ್ತಾರೆ. ಹನ್ನೊಂದು. ಹುಲಿಗೆವ್ವ ಶೀಶೆಗೆ ಬಿರಡೆ ಹಾಕಿ ಮೇಲೆ ಬಂದು ಚಪ್ಪಲಿ ಮೆಟ್ಟುತ್ತಾರೆ. ಕೆರೆಯ ನೀರು ಮತ್ತೆ ತುಸು ಹಸಿರಾಗಿದೆ.

“ಬರೂ ಪಂಚಮಿಗೆ ಕರಿಯಾಕ ಬರ್ತೀನಿ ಅಂದಾನ್ರಿ ತಮ್ಮ. ಅಷ್ಟರಾಗ ಅರವತ್ತಾದ್ರ ಸಾಕು. ನೀರು ರಾಡಿ ಕಂಡ್ರೂ ಚಿಂತಿಲ್ಲ, ತವರಮನಿ ಕೆರ‍್ಯಾಗ ಮಂದಿ ಇರಬೇಕು ನೋಡ್ರಿ.”