ಕೋಟಾ ಕನ್ನಡ ಪದವಲ್ಲ

ಗೆಳೆಯರೇ, ಕಾರಿನಲ್ಲಿ ಕನ್ನಡ ಮಾತಾಡುವಾಗ ಹುಷಾರು.

ಪ್ರವೇಶ ಪರೀಕ್ಷೆ ಬರೆದು ಸೇರಬೇಕಾದ ಸರ್ಕಾರಿ ಹೈಸ್ಕೂಲಿನ ರಿಸಲ್ಟ್ ಇವತ್ತು ಬಂತು. ನನ್ನ ಮಗಳು ಅನನ್ಯಾಗೂ ಅವಳ ಗೆಳತಿ, ಕಪ್ಪು ಹುಡುಗಿ ನಯೋಮಿಗೂ ಸೀಟು ಸಿಕ್ಕಿತು. ಇಬ್ಬರನ್ನೂ ನಮ್ಮೂರು ಲಿಯಾಂಡರ್‌ಗೆ ಕರೆತರುತ್ತಿದ್ದಾಗ ಸ್ಟಾಫರ್ಡ್‌ನಲ್ಲಿರುವ ಅಕ್ಕ ಫೋನ್ ಮಾಡಿದಳು.

"ಆ ಹುಡುಗೀಗೂ ಸಿಕ್ತಾ?"

"ಸಿಗದೇ ಏನು, ಅವರಿಗೆಲ್ಲ ಕೋಟಾ ಇರುತ್ತಲ್ಲ," ಎಂದೆ. ನನ್ನ ಸಿಇಟಿ ಕಾಲದಿಂದ ನಾಲಿಗೆಗೆ ಅಂಟಿಕೊಂಡಿರುವ ಪದ.

ಹಿಂದಿನ ಸೀಟಿನ ನಗು ನಿಂತಿತು.

"ಅಮ್ಮಾ, ಕೋಟಾ ಈಸ್ ಇಂಗ್ಲಿಷ್," ಎಂದಳು ಅನನ್ಯಾ.

"ನೋ ಕೋಟಾ, ಆಂಟಿ. ಐ ಜಸ್ಟ್ ಸ್ಟಡೀಡ್," ಎಂದಳು ನಯೋಮಿ, ಮೆಲ್ಲಗೆ.

ಅವಳು ಓದಿದ್ದು ಅನನ್ಯಾ ಬಳಸಿ ಬಿಟ್ಟ ಹಳೆಯ ಕೋಚಿಂಗ್ ಪುಸ್ತಕಗಳನ್ನು. ಕೊಟ್ಟವಳು ನಾನೇ. ಎರಡು ವರ್ಷ ಮಗಳನ್ನು ಕೋಚಿಂಗ್‌ಗೆ ಡ್ರೈವ್ ಮಾಡಿ ಬಿಟ್ಟು ಬಂದವಳೂ ನಾನೇ. ಸಾರಿ ಕೇಳದೆ ಅಕ್ಕನ ಫೋನ್ ಕಟ್ ಮಾಡಿದೆ. ನಯೋಮಿ ಮಾತ್ರ ಇಳಿಯುವಾಗ ಎಂದಿನಂತೆ "ಥ್ಯಾಂಕ್ ಯೂ, ಆಂಟಿ" ಎಂದಳು.

ಮನೆಗೆ ಬಂದು ಆ ಶಾಲೆಯ ಕಳೆದ ವರ್ಷದ ಗುಂಪು ಫೋಟೋ ನೋಡಿದೆ. ಸಾಲುಸಾಲಾಗಿ ನಮ್ಮವರ ಮಕ್ಕಳೇ. ನಯೋಮಿಯಂಥವರನ್ನು ಹುಡುಕಬೇಕಾಯಿತು, ಇಬ್ಬರು ಸಿಕ್ಕರು.

ಅಲ್ಲಿ ಕೋಟಾ ಅಂತ ಒಂದಿದ್ದರೆ, ಅದು ನಮ್ಮದೇ ಇರಬೇಕು.